ನ್ಯಾಯಾಧೀಶರ ಜುಬ್ಬದ ಮೇಲೆ ಬಿದ್ದ ಮಾವಿನಕಾಯಿ

ಎಪ್ಪತ್ತರ ದಶಕದ ಕೊನೆಯಲ್ಲಿ ಮದರಾಸಿನ ನಮ್ಮ ಮಹಿಳಾ ಮಂಡಳಿಗೆ ಒಬ್ಬ ಅಧ್ಯಕ್ಷೆ ಇದ್ದರು. ಮಂಡಳಿ ಎಂದರೆ ಒಂದು ಕೋಣೆಯಲ್ಲಿ ಹಿಡಿಸುವಷ್ಟು ಕನ್ನಡದ ಹೆಂಗಸರು, ಅಷ್ಟೇ. ಆದರೆ ಈಕೆ ಮಾತಾಡುತ್ತಿದ್ದ ರೀತಿ ನೋಡಿದರೆ ಇಡೀ ಊರೇ ಆರಿಸಿ ಕಳಿಸಿದಂತಿತ್ತು. ಗಂಡ ಬ್ಯಾಂಕಿನಲ್ಲಿ ದೊಡ್ಡ ಅಧಿಕಾರಿ, ಕೀಲ್ಪಾಕಿನಲ್ಲಿ ಬ್ಯಾಂಕೇ ಕೊಟ್ಟ ಬಂಗಲೆ. ಗಂಡನ ಹುದ್ದೆಯನ್ನೇ ತಮ್ಮ ವಿದ್ಯೆ ಎಂದುಕೊಂಡ ಹೆಂಗಸರನ್ನು ಬಹಳ ನೋಡಿದ್ದೇನೆ. ಈಕೆಯಷ್ಟು ಮನಸಾರೆ ಹಾಗೆ ನಂಬಿದವರು ಇನ್ನೊಬ್ಬರು ಸಿಕ್ಕಿಲ್ಲ.

ನಾವಿದ್ದದ್ದು ಅದೇ ಕೀಲ್ಪಾಕಿನಲ್ಲಿ, ಒಂದು ಹಳೆಯ ಮನೆಯ ಮಹಡಿಯ ಮೇಲೆ. ನನ್ನ ಗಂಡ ರೈಲ್ವೆಯಲ್ಲಿ ಗುಮಾಸ್ತರು. ಜೊತೆಗೆ ಧಾರವಾಡದಿಂದ ಬಂದ ಅತ್ತೆ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಗಳು. ನನಗೆ ಸ್ಕ್ರೀನ್ ಪ್ರಿಂಟಿಂಗ್ ಹುಚ್ಚು ಹಿಡಿದದ್ದು ಪ್ಯಾರೀಸ್ ಕಾರ್ನರ್ ಪೇಟೆಯ ಒಂದು ಓಣಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವುದನ್ನು ನೋಡಿದ ಮೇಲೆ. ಮರದ ಚೌಕಟ್ಟಿಗೆ ತೆಳುವಾದ ಬಟ್ಟೆ ಬಿಗಿದಿರುತ್ತಾರೆ. ಬೇಡದ ಜಾಗವನ್ನೆಲ್ಲ ಮುಚ್ಚಿ, ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ, ಬಿಟ್ಟ ಜಾಗದಿಂದ ಮಾತ್ರ ಬಣ್ಣ ಕೆಳಗಿಳಿದು ಚಿತ್ರವಾಗುತ್ತದೆ. ಕಾಗದದ ಮೇಲೆ ಆಗುವುದು ಬಟ್ಟೆಯ ಮೇಲೆ ಯಾಕಾಗಬಾರದು ಎನ್ನಿಸಿತು. ಬಡಗಿಯಿಂದ ಚೌಕಟ್ಟು ಮಾಡಿಸಿ, ಹಳೆಯ ಆರ್ಗಂಡಿ ಸೀರೆಯೊಂದನ್ನು ಅದಕ್ಕೆ ಬಿಗಿದೆ.

ಒಂದೇ ಬಣ್ಣದ ಅಚ್ಚು ಬೇಗ ಬೇಸರ ತಂದಿತು. ಹಳದಿ ಬಿಲ್ಲೆಗಳ ಮೇಲೆ ನೀಲಿ ಎಲೆಗಳನ್ನು ಹಾಕಿದಾಗ, ಎರಡೂ ಕೂಡಿದ ಕಡೆ ನಾನು ಹಾಕದ ಹಸಿರು ತಾನಾಗಿ ಬಂತು. ಅಡಿಗೆ ಬಿಟ್ಟು ಅದನ್ನೇ ನೋಡುತ್ತ ನಿಂತೆ. ಆಮೇಲೆ ಅದರ ಮೇಲೆ ಕೆಂಪು ಗೆರೆ, ಇನ್ನೊಂದು ಸಲ ಅದೇ ಎಲೆಯನ್ನು ಸ್ವಲ್ಪ ಸರಿಸಿ ನೆರಳಿನ ಹಾಗೆ. ಕೆಟ್ಟದ್ದೇ ಹೆಚ್ಚು. ಮೊದಲ ಬಣ್ಣ ಒಣಗುವ ಮುಂಚೆ ಎರಡನೆಯದು ಹಾಕಿದರೆ ಎರಡೂ ಕಲೆತು ಕೆಸರು. ಒಣಗಿದ ಮೇಲೆ ಬಿಸಿ ಇಸ್ತ್ರಿ ಹಾಕದಿದ್ದರೆ ಬಣ್ಣ ನಿಲ್ಲುವುದಿಲ್ಲ ಎನ್ನುವುದು ತಿಳಿದದ್ದು, ನಾನು ಅಚ್ಚು ಹಾಕಿದ ದಿಂಬಿನ ಮೇಲೆ ಮಲಗಿದ್ದ ಗಂಡ ಕೆನ್ನೆಯ ಮೇಲೆ ನೀಲಿ ಎಲೆ ಹೊತ್ತು ಎದ್ದಾಗ.

"ಅಮ್ಮಾ, ಅಪ್ಪಾ ಮೂಂಜಿಲೆ ಇಲೈ," ಎಂದು ಮಗಳು ನಕ್ಕು ನಕ್ಕು ಉರುಳಾಡಿದಳು. ಅಪ್ಪನ ಮುಖದ ಮೇಲೆ ಎಲೆ.

ಈ ಸುದ್ದಿ ಅಧ್ಯಕ್ಷೆಯ ಕಿವಿಗೆ ಬಿತ್ತು. ಬಿದ್ದ ಕೂಡಲೇ ಅದು ಅವರದೇ ಯೋಜನೆಯಾಯಿತು. ಬೊಂಬಾಯಿಯಲ್ಲಿ ತಾವು ಈ ಕಲೆಯ ಶಿಬಿರಕ್ಕೆ ಹೋಗಿದ್ದಾಗಿಯೂ, ಮಂಡಳಿಯ ವಾರ್ಷಿಕೋತ್ಸವದಲ್ಲಿ ಸ್ವಾಗತಗೀತೆ ಹಾಡುವವರೆಲ್ಲ ತಾವೇ ಅಚ್ಚು ಹಾಕಿದ ಸೀರೆ ಉಡಬೇಕೆಂದೂ ಸಭೆಯಲ್ಲಿ ಹೇಳಿದರು. ಮುಖ್ಯ ಅತಿಥಿಗೆ ಹೊದಿಸುವ ಶಾಲನ್ನು ತಾವೇ ಸ್ವಂತ ಕೈಯಿಂದ ಮಾಡುತ್ತಾರಂತೆ. ಬಣ್ಣ ತರುವ ಕೆಲಸ ನನಗೆ.

ಬಂಗಲೆಯ ಊಟದ ಮೇಜಿನ ಮೇಲೆ ಕೆಲಸ ನಡೆಯಿತು. ಹೊರಗೆ ತಮಿಳರ ಐಪ್ಪಸಿ ತಿಂಗಳ ಮಳೆ, ಒಳಗೆ ಒದ್ದೆ ಗಾಳಿ. ಅಧ್ಯಕ್ಷೆ ಹಳದಿ ಹಾಕಿದರು. ಹಾಕಿದ ಕೈಯಲ್ಲೇ ನೀಲಿಯ ಚೌಕಟ್ಟನ್ನು ಎತ್ತಿದರು.

"ಅದು ಒಣಗಲಿ ಬಿಡ್ರಿ," ಎಂದೆ. "ನಾಳೆ ಹಾಕೋಣು. ಆಮ್ಯಾಲೆ ಬಿಸಿ ಇಸ್ತ್ರಿ ಹಾಕಬೇಕ್ರಿ, ಇಲ್ಲಾಂದ್ರ ಬಣ್ಣ ನಿಲ್ಲೂದಿಲ್ಲ."

"ನೋಡಿ, ಲೇಯರ್ಸ್ ಅಂದ್ರೆ ಒಂದು ಫ್ಲೋ ಇರ್ಬೇಕು," ಎಂದರು ಅವರು, ನನ್ನ ಕಡೆ ತಿರುಗದೆ. "ನಿಮ್ಮದೆಲ್ಲ ಮನೆಗೆಲಸದ ರೀತಿ. ಒಣಗಿಸೋದು, ಇಸ್ತ್ರಿ ಹಾಕೋದು. ನಾವಿಲ್ಲಿ ಕಲೆ ಮಾಡ್ತಾ ಇದೀವಿ."

ಸುತ್ತ ನಿಂತವರು ನಕ್ಕರು. ಅಧಿಕಾರಿಯ ಹೆಂಡತಿ ನಕ್ಕಾಗ ನಗುವುದನ್ನು ಅವರೆಲ್ಲ ಗಂಡಂದಿರ ಆಫೀಸಿನಿಂದಲೇ ಕಲಿತು ಬಂದಿದ್ದರು. ಬಣ್ಣ ಗಟ್ಟಿಯಾಯಿತೆಂದು ಅಧ್ಯಕ್ಷೆ ಅದಕ್ಕೆ ಚೊಂಬಿನಿಂದ ನೀರು ಹೊಯ್ದರು. ಶಾಲಿನ ಮೇಲೆ ಮಾವಿನಕಾಯಿಗಳು ಮೂಡಬೇಕಿತ್ತು. ಬಾವು ಬಂದ ಹೆಬ್ಬೆರಳಿನಂಥವು ಮೂಡಿದವು. ಎಲ್ಲರೂ ಚೆನ್ನಾಗಿದೆ ಎಂದು ತಮ್ಮ ಸೀರೆಗಳಿಗೂ ಹಾಗೇ ಅಚ್ಚು ಹಾಕಿದರು. ನಾನು ಕೈ ತೊಳೆದುಕೊಂಡು ಮನೆಗೆ ಬಂದೆ.

ವಾರ್ಷಿಕೋತ್ಸವಕ್ಕೆ ಬಂದ ಅತಿಥಿ ನಿವೃತ್ತ ನ್ಯಾಯಾಧೀಶರು. ಬಿಳಿ ಪಂಚೆ, ಹಾಲಿನಂಥ ಬಿಳಿ ಜುಬ್ಬ. ಸಭಾಂಗಣದಲ್ಲಿ ಫ್ಯಾನುಗಳು ತಿರುಗುತ್ತಿದ್ದವೇ ಹೊರತು ಗಾಳಿ ಬರುತ್ತಿರಲಿಲ್ಲ. ಹಾಡುವ ಹೆಂಗಸರ ಮೊಣಕೈಗಳು ಆಗಲೇ ಹಸಿರಾಗಿದ್ದವು. ಒಬ್ಬಾಕೆ ಸೆರಗಿನಿಂದ ಬೆವರು ಒರೆಸಿಕೊಂಡ ಕಡೆ ಮೀಸೆ ಬಂದಿತ್ತು. ಅಧ್ಯಕ್ಷೆ ಶಾಲು ಹೊದಿಸಿ, ಲೇಯರ್ಸ್ ಎಂದರೆ ಏನೆಂದು ಮೈಕಿನಲ್ಲಿ ಸಾವಕಾಶವಾಗಿ ವಿವರಿಸಿದರು. ನ್ಯಾಯಾಧೀಶರು ಮರ್ಯಾದಸ್ಥರು, ಶಾಲು ತೆಗೆಯಲಿಲ್ಲ. ವರದಿ, ವಂದನೆ, ಒಂದು ಏಕಾಂಕ ನಾಟಕ ಎಲ್ಲ ಮುಗಿಯುವವರೆಗೆ ಅದನ್ನು ಹೊದ್ದೇ ಬೆವರುತ್ತ ಕೂತರು.

ಕೊನೆಗೆ ಭಾಷಣಕ್ಕೆಂದು ಎದ್ದು ಶಾಲನ್ನು ಕುರ್ಚಿಯ ಮೇಲೆ ಇಟ್ಟರು. ಅವರ ಎದೆಯ ಮೇಲೆ ಒಂದು, ಹೆಗಲ ಮೇಲೆ ಒಂದು ಮಾವಿನಕಾಯಿ ಅಚ್ಚಾಗಿ ಕೂತಿತ್ತು. ಶಾಲಿನ ಮೇಲೆ ಬಂದದ್ದಕ್ಕಿಂತ ಸ್ಪಷ್ಟವಾಗಿ. ಅವರು ಕೆಳಗೆ ನೋಡಿಕೊಂಡು, ಕರವಸ್ತ್ರದಿಂದ ಒಮ್ಮೆ ಒರೆಸಿ, ಅದು ಇನ್ನಷ್ಟು ಹರಡಿದ್ದನ್ನು ಕಂಡು, ಸಾಹಿತ್ಯದ ಬಗ್ಗೆ ಮಾತಾಡಲು ಶುರು ಮಾಡಿದರು. ಆ ಸಂಜೆ ಅಲ್ಲಿದ್ದವರಲ್ಲಿ ನಾನು ಗೌರವಿಸಿದ್ದು ಅವರೊಬ್ಬರನ್ನೇ.

ಮುಂದಿನ ಸಭೆಯಲ್ಲಿ ಅಧ್ಯಕ್ಷೆ ಕಾರಣ ಹೇಳಿದರು. ಬಣ್ಣ ಕಳಪೆಯಂತೆ. "ಪ್ಯಾರೀಸ್ ಕಾರ್ನರಲ್ಲಿ ಯಾವ್ಯಾವ್ದೋ ಅಂಗಡೀಲಿ ತಂದ್ರೆ ಹೀಗೇ ಆಗೋದು. ತಂದವರನ್ನ ನಾನು ಬ್ಲೇಮ್ ಮಾಡೋಲ್ಲ, ಪಾಪ, ಅವರಿಗೆ ಅಷ್ಟೇ ಗೊತ್ತು."

"ಬಣ್ಣ ಛಲೋ ಇತ್ರಿ," ಎಂದೆ. "ಇಸ್ತ್ರಿ ಹಾಕ್ರಿ ಅಂತ ನಾನು ಹೇಳಿದ್ದೆ. ಇಲ್ಲಿ ಕೂತವ್ರೆಲ್ಲ ಕೇಳ್ಯಾರ."

ಕೂತವರೆಲ್ಲ ಸೀಲಿಂಗ್ ನೋಡಿದರು, ಬಳೆ ನೋಡಿಕೊಂಡರು. ನನ್ನ ಪಕ್ಕದಲ್ಲೇ ನಿಂತು ಕೇಳಿದ್ದ, ವಿಮಾ ಕಂಪನಿಯವರ ಹೆಂಡತಿಯೊಬ್ಬಳು ಕಾಫಿ ತರುತ್ತೇನೆಂದು ಎದ್ದೇ ಹೋದಳು. ಅಧ್ಯಕ್ಷೆಯದು ಮೂರ್ಖತನ, ಅದನ್ನು ನೋಡಿ ನಗಬಹುದು. ಇವರನ್ನು ನೋಡಿದರೆ ನಗುವೂ ಬರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತ ಕೇಳಿ, "ಆ ಮಂದಿ ಕಡಿಂದ ನಿನ್ನ ಮಾತು ಖರೇ ಅನಸಿಕೊಂಡು ಏನ್ ಮಾಡಾಕಿ? ನಂಗೊಂದು ಸೀರಿ ಮಾಡಿಕೊಡು," ಎಂದರು.

ಮಾಡಿಕೊಟ್ಟೆ. ಹಳದಿ, ನೀಲಿ, ಕೆಂಪು, ಒಂದೊಂದು ಪದರವೂ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಸೆರಗಿನಲ್ಲಿ ಎಲೆಗಳು ಒಂದರ ಹಿಂದೆ ಒಂದು ಸರಿಯುತ್ತ ಹೋಗಿ ಕೊನೆಗೆ ಕತ್ತಲೆಯಂಥ ಹಸಿರಾಗುತ್ತಿದ್ದವು. ಅಲ್ಲಿಯವರೆಗೆ ಅಷ್ಟು ಚೆನ್ನಾಗಿ ನನಗೆ ಯಾವುದೂ ಬಂದಿರಲಿಲ್ಲ. ಅತ್ತೆ ಅದನ್ನುಟ್ಟು ಮಾರ್ಕೆಟ್ಟಿಗೆ ಹೋಗಿ, ತರಕಾರಿಯವಳ ಕೈಯಲ್ಲಿ ಮುಟ್ಟಿಸಿ ಬಂದರು.

ಆಮೇಲೆ ಮಂಡಳಿಯ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಮನೆ ಮೆಟ್ಟಿಲು ಹತ್ತತೊಡಗಿದರು. ಕಾಫಿ ತರಲು ಎದ್ದವಳೇ ಮೊದಲು ಬಂದಳು. "ಅವತ್ತು ಮಾತಾಡೋಕಾಗ್ಲಿಲ್ಲ ಕಣ್ರೀ, ನಮ್ಮೆಜಮಾನ್ರ ಲೋನು ಅವರ ಬ್ಯಾಂಕಲ್ಲೇ ಇದೆ," ಎಂದಳು. ನಾನು ಆಕೆಗೆ ಕಲಿಸಿದೆ, ಎಲ್ಲರಿಗೂ ಕಲಿಸಿದೆ. ಕಲಿಸುವಾಗ ಕೆಲಸಕ್ಕೆ ಬೇಕಾದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ, ಅಷ್ಟೇ.

ಎಂಬತ್ತರ ದಶಕ ಶುರುವಾದಾಗ ಅಧ್ಯಕ್ಷೆಯ ಗಂಡನಿಗೆ ಕಲಕತ್ತೆಗೆ ವರ್ಗವಾಯಿತು. ಬೀಳ್ಕೊಡುಗೆಗೆ ನಾನೇ ಒಂದು ಸೀರೆ ಅಚ್ಚು ಹಾಕಿ ಕೊಡಬೇಕೆಂದು ಮಂಡಳಿಯ ಹೆಂಗಸರು ಕೇಳಿಕೊಂಡು ಬಂದರು. ಆಗುವುದಿಲ್ಲ ಎಂದೆ. ಕಾರಣ ಕೇಳಿದರು. ಮನಸ್ಸಿಲ್ಲ ಎಂದೆ. ಅವರು ಅಂಗಡಿಯಿಂದ ರೇಷ್ಮೆ ಸೀರೆ ತಂದುಕೊಟ್ಟು, ಕಣ್ಣೊರೆಸಿಕೊಂಡು ಭಾಷಣ ಮಾಡಿದರು. ಮದರಾಸಿನ ಕನ್ನಡ ಹೆಂಗಸರಿಗೆ ಅಚ್ಚಿನ ಕಲೆ ಕಲಿಸಿಕೊಟ್ಟವರು ನಮ್ಮ ಅಧ್ಯಕ್ಷೆಯೇ ಎಂದು ಒಬ್ಬಾಕೆ ಹೇಳಿದಾಗ ಅವರು ವಿನಯದಿಂದ ತಲೆ ತಗ್ಗಿಸಿ ಒಪ್ಪಿಕೊಂಡರು. ನಾನು ಹಿಂದಿನ ಸಾಲಿನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ. ಚೆನ್ನಾಗಿತ್ತು, ಇನ್ನೊಂದು ಸಲ ಹಾಕಿಸಿಕೊಂಡೆ.