ಆದಿ ಉಡುಪಿಯ ಗೋಡೌನಿನಲ್ಲಿದ್ದ ಓವರ್‌ಲಾಕ್ ಮೆಷಿನ್

ನನಗೆ ಬೇಗ ಸಿಟ್ಟು ಬರುತ್ತದೆ. ಗದಗ ಕಡೆಯಿಂದ ಉಡುಪಿ ಹತ್ತಿರದ ಕಾಪುವಿನ ಶಾಲೆಗೆ ಟೀಚರಾಗಿ ಬಂದ ಹೊಸತರಲ್ಲಿ, ನಾನು ಬಸ್ಸಿನಲ್ಲಿ ಚಿಲ್ಲರೆ ಕೇಳಿದರೂ ಜಗಳ ಆರಂಭವಾಯಿತೆಂದು ಜನ ತಿರುಗಿ ನೋಡುತ್ತಿದ್ದರು. ಇಲ್ಲಿಯವರ ಮೆತ್ತನೆಯ, ತೂಗಿ ಆಡುವ ಕನ್ನಡದ ನಡುವೆ ನನ್ನ ಮಾತು ಎರಡು ಪಟ್ಟು ಜೋರಾಗಿ ಕೇಳಿಸುತ್ತಿತ್ತು. ನಾನು ನಿಜವಾಗಿ ಜಗಳವಾಡಿದರೆ ಹೇಗಿರುತ್ತದೆ ಎಂಬುದನ್ನು ಕಂಡವರು ಆದಿ ಉಡುಪಿಯ ಒಂದು ಲಾರಿ ಸರ್ವಿಸಿನ ಗುಮಾಸ್ತರು. ಪಾಪ, ಅವರ ತಪ್ಪು ಏನೂ ಇರಲಿಲ್ಲ.

ಇಸವಿ ಎರಡು ಸಾವಿರ ದಾಟಿ ಏಳೆಂಟು ವರ್ಷಗಳಾಗಿದ್ದವು. ಕಾಪುವಿನಲ್ಲಿ ನನ್ನ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಬ್ಯಾರಿ ಮುಸ್ಲಿಮರ ಮನೆಯ ಒಬ್ಬರು ಹೆಂಗಸು, ಅವರ ಇಬ್ಬರು ಹೆಣ್ಣುಮಕ್ಕಳು. ಗಂಡ ಗಲ್ಫಿನಲ್ಲಿ. ನನಗಿಂತ ನಾಲ್ಕೈದು ವರ್ಷ ದೊಡ್ಡವರಾದ್ದರಿಂದ ನಾನು ಅಕ್ಕ ಎನ್ನುತ್ತಿದ್ದೆ. ಅವರಿಗೆ ನಾನು ಟೀಚರ್. ಆ ವರ್ಷ ಗಂಡನ ಕಂಪನಿಯಲ್ಲಿ ಸಂಬಳ ತಡವಾಗತೊಡಗಿತ್ತು. ಅಕ್ಕ ಅದನ್ನು ಯಾರಲ್ಲೂ ಹೇಳಿಕೊಳ್ಳದೆ ಹೊಲಿಗೆಯನ್ನು ಹೆಚ್ಚು ಮಾಡಿದರು.

ಉಡುಪಿಯ ಒಂದು ಬಟ್ಟೆ ಅಂಗಡಿಯವರು ಅವರಿಗೆ ನೈಟಿ ಹೊಲಿಯಲು ಕೊಡುತ್ತಿದ್ದರು. ಹೊಲಿದ ಮೇಲೆ ಒಳಗಿನ ಅಂಚಿನ ನೂಲು ಬಿಚ್ಚದಂತೆ ಓವರ್‌ಲಾಕ್ ಹಾಕಿಸಬೇಕು. ಆ ಮೆಷಿನ್ ಅಕ್ಕನ ಬಳಿ ಇರಲಿಲ್ಲ. ಚೀಲ ಹೊತ್ತುಕೊಂಡು ಬಸ್ಸಿನಲ್ಲಿ ಉದ್ಯಾವರಕ್ಕೆ ಹೋಗಿ, ಅಲ್ಲಿ ಯಾರದೋ ಮೆಷಿನ್ ಖಾಲಿಯಾಗುವವರೆಗೆ ಕಾದು, ಹಾಕಿಸಿಕೊಂಡು ಬರುತ್ತಿದ್ದರು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಸ್ವಂತ ಮೆಷಿನ್ ಇದ್ದರೆ ರಂಜಾನ್ ಹಬ್ಬದ ಇಡೀ ಆರ್ಡರನ್ನು ನಿಮಗೇ ಕೊಡುತ್ತೇವೆ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಅಂಗಡಿಯವರು ಹೇಳಿದ್ದರು.

ಆಗ ಆನ್‌ಲೈನಿನ ಉಪಾಯ ಹೇಳಿದವಳು ನಾನೇ. ಎಂಟನೇ ತರಗತಿಗೆ ಗ್ರಾಹಕರ ಹಕ್ಕುಗಳ ಪಾಠ ಮಾಡುವವಳು, ಹೊಸದಾಗಿ ಬ್ಯಾಂಕಿನ ಕಾರ್ಡು ಬೇರೆ ಬಂದಿತ್ತು. ನನಗೂ ಸ್ವಲ್ಪ ಜಂಭ. ಅಕ್ಕನಿಂದ ದುಡ್ಡು ಪಡೆದು ಮಣಿಪಾಲದ ಒಂದು ಸೈಬರ್ ಸೆಂಟರಿಗೆ ಹೋದೆ. ಅಕ್ಕಪಕ್ಕದಲ್ಲಿ ಕಾಲೇಜು ಹುಡುಗರು ಹಾಡು ಕೇಳುತ್ತಾ ಕೂತಿದ್ದರೆ, ನಾನು ಪರೀಕ್ಷೆ ಬರೆಯುವವಳ ಹಾಗೆ ಬೆವರುತ್ತಾ ಒಂದೊಂದೇ ಖಾನೆ ತುಂಬಿದೆ. ಅಂಗಡಿಗಳಲ್ಲಿ ಹೇಳುವ ಬೆಲೆಗಿಂತ ಕಡಿಮೆ, ಮೇಲಾಗಿ ಸಾಗಾಟ ಉಚಿತ ಎಂದು ದಪ್ಪ ಅಕ್ಷರದಲ್ಲಿತ್ತು. ಹಣ ಕಟ್ಟಿ, ಹಾಳೆ ಪ್ರಿಂಟ್ ತೆಗೆಸಿಕೊಂಡು ಬಂದು ಅಕ್ಕನ ಕೈಗಿಟ್ಟೆ.

ಹತ್ತು ದಿನ ಕಳೆದ ಮೇಲೆ ಲಾರಿ ಸರ್ವಿಸಿನಿಂದ ಅಕ್ಕನ ಮೊಬೈಲಿಗೆ ಫೋನ್ ಬಂತು. ಮಾಲು ಬಂದಿದೆ, ಕಾಪುವಿಗೆ ನಮ್ಮ ಡೆಲಿವರಿ ಇಲ್ಲ, ನೀವೇ ಬಂದು ಒಯ್ಯಿರಿ ಎಂದರಂತೆ. ಮರುದಿನ ಶನಿವಾರ, ಶಾಲೆ ಬೇಗ ಬಿಡುತ್ತಿತ್ತು. ಇಬ್ಬರೂ ಆದಿ ಉಡುಪಿಗೆ ಹೋದೆವು. ಅಡಿಕೆ, ತೆಂಗಿನಕಾಯಿ ಮೂಟೆಗಳ ನಡುವೆ ನಮ್ಮ ರಟ್ಟಿನ ಪೆಟ್ಟಿಗೆ ಕೂತಿತ್ತು. ಅಕ್ಕ ಹೋಗಿ ಅದರ ಮೇಲೆ ಕೈ ಇಟ್ಟು ನಿಂತರು.

"ಟು ಪೇ ಉಂಟಲ್ಲ ಮೇಡಂ. ಏಳುನೂರ ಎಂಬತ್ತು ಕಟ್ಟಿ, ತೆಗೆದುಕೊಂಡು ಹೋಗಿ" ಎಂದರು ಗುಮಾಸ್ತರು. ಸಾಗಾಟದ ಖರ್ಚನ್ನು ಮಾಲು ಪಡೆಯುವವರೇ ಕೊಡಲಿ ಎಂದು ಕಳುಹಿಸಿದವರು ಬರೆಸಿದ್ದರು.

"ಯಾಕ ಕಟ್ಟಬೇಕ್ರಿ? ಫ್ರೀ ಅಂತ ಬರದು ರೊಕ್ಕ ತಗೊಂಡಾರ. ಇಲ್ಲಿ ನೋಡ್ರಿ, ಕಾಗದ ಐತಿ" ಎಂದೆ. ಸಿಟ್ಟು ಬಂದರೆ ನನ್ನ ನಾಲಿಗೆ ಸೀದಾ ಗದಗಕ್ಕೆ ಹೋಗುತ್ತದೆ.

"ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ ಮೇಡಂ? ನಮಗೆ ಬಂದ ಬಿಲ್ಲಿನಲ್ಲಿ ಹಾಗೆ ಉಂಟು. ಹದಿನೈದು ದಿನ ಇಡ್ತೇವೆ. ಆಮೇಲೆ ಮಾಲು ವಾಪಸ್ ಹೋಗ್ತದೆ."

ಅಕ್ಕ ನನ್ನ ಸೆರಗು ಮೆಲ್ಲಗೆ ಎಳೆದರು. "ಕಟ್ಟಿಬಿಡುವ ಟೀಚರ್. ಮೆಷಿನ್ ಕೈಗೆ ಸಿಕ್ಕಿದರೆ ಆಯ್ತಲ್ಲ."

"ಒಂದು ಪೈಸಾನೂ ಕೊಡೂದು ಬ್ಯಾಡ ಅಕ್ಕ. ಇದು ಹಕ್ಕಿನ ಪ್ರಶ್ನೆ" ಎಂದು ಇಡೀ ಗೋಡೌನಿಗೆ ಕೇಳುವಂತೆ ಹೇಳಿ, ಅವರ ಕೈ ಹಿಡಿದು ಹೊರಗೆ ಕರೆತಂದೆ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ನಾನು ಮಾತ್ರ ಕಾಪು ಬರುವವರೆಗೂ ಗ್ರಾಹಕರ ಹಕ್ಕುಗಳನ್ನು ವಿವರಿಸುತ್ತಲೇ ಇದ್ದೆ.

ಅಂದಿನಿಂದ ನನ್ನ ಸಮರ ಶುರುವಾಯಿತು. ಮಾರಿದವರ ದೂರವಾಣಿಗೆ ಕರೆ ಮಾಡಿದರೆ ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಕಟ್ ಮಾಡುತ್ತಿದ್ದರು. ಮಣಿಪಾಲಕ್ಕೆ ಹೋಗಿ ಇ-ಮೇಲ್ ಬರೆದೆ. ಒಂದು ವಾರದ ನಂತರ ಉತ್ತರ ಬಂತು: ಉಚಿತ ಸಾಗಾಟ ನಮ್ಮ ಪಟ್ಟಿಯಲ್ಲಿರುವ ನಗರಗಳಿಗೆ ಮಾತ್ರ, ನಿಮ್ಮ ವಿಳಾಸ ಕಾಪು, ಕಾಪು ಪಟ್ಟಿಯಲ್ಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಖಾನೆ ತುಂಬುವಾಗ ಊರಿನ ಪಟ್ಟಿಯಲ್ಲಿ ಕಾಪು ಇರಲಿಲ್ಲ, ಉಡುಪಿ ಇತ್ತು. ನಾನು ಉಡುಪಿಯನ್ನೇ ಒತ್ತಿ, ಕೆಳಗೆ ಮನೆಯ ವಿಳಾಸದಲ್ಲಿ ಕಾಪು ಎಂದೂ ಅಲ್ಲಿಯ ಪಿನ್ ಕೋಡನ್ನೂ ಬರೆದಿದ್ದೆ. ಈ ಕಡೆಯವರೆಲ್ಲ ಮಾಡುವುದೇ ಹೀಗೆ. ಕಾಪುವಿನವರಾಗಲಿ ಹೆಬ್ರಿಯವರಾಗಲಿ, ಹೊರಗಿನವರು ಊರು ಕೇಳಿದರೆ ಉಡುಪಿ ಎಂದುಬಿಡುತ್ತಾರೆ. ಕೇಳಿದವರಿಗೂ ಸುಲಭ, ಹೇಳಿದವರಿಗೂ ಸುಲಭ. ಗದಗದವಳಾದ ನಾನೂ ನಾಲ್ಕು ವರ್ಷಗಳಲ್ಲಿ ಅದನ್ನು ಕಲಿತುಬಿಟ್ಟಿದ್ದೆ. ತಪ್ಪು ನನ್ನದೂ ಇದೆ ಎಂದು ಗೊತ್ತಾದ ಮೇಲೆ ಸುಮ್ಮನಾಗಬೇಕಿತ್ತು. ನಾನು ಇನ್ನೂ ಖಾರವಾದ ಇನ್ನೊಂದು ಪತ್ರ ಬರೆದೆ. ಅಕ್ಕನಿಗೆ ಈ ಉತ್ತರದ ವಿಷಯವನ್ನೇ ಹೇಳಲಿಲ್ಲ. ನಾಚಿಕೆಯಾಗಿತ್ತು.

ಅಕ್ಕನೂ ಮೆಷಿನ್ ವಿಷಯ ಎತ್ತುತ್ತಿರಲಿಲ್ಲ. ಉದ್ಯಾವರಕ್ಕೆ ಹೋಗುವುದನ್ನು ನಿಲ್ಲಿಸಿದ್ದರು. ಸಂಜೆ ನಾನು ಶಾಲೆಯಿಂದ ಬಂದಾಗ ಬಾಗಿಲಲ್ಲಿ ನಿಂತು, "ಚಾ ಆಯ್ತಾ ಟೀಚರ್?" ಎಂದು ಕೇಳುತ್ತಿದ್ದರು, ಮೊದಲಿನ ಹಾಗೆ ಒಳಗೆ ಕರೆಯುತ್ತಿರಲಿಲ್ಲ. ಆರ್ಡರು ಕೈತಪ್ಪಿತು, ನನ್ನ ಮೇಲೆ ಬೇಸರವಾಗಿದೆ ಎಂದೇ ನಾನು ಅಂದುಕೊಂಡೆ. ಇದ್ದ ಒಂದೇ ಗೋಡೆ ದಪ್ಪವಾದ ಹಾಗೆ ಅನಿಸುತ್ತಿತ್ತು. ನಿಜ ಹೇಳಬೇಕೆಂದರೆ, ಆ ಎರಡು ವಾರ ನನಗೆ ಊಟ ಸೇರಲಿಲ್ಲ.

ಕಾರ್ಕಳದಲ್ಲಿ ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರು ಗ್ರಾಹಕರ ದೂರುಗಳನ್ನು ಬರೆದುಕೊಡುತ್ತಾರೆ ಎಂದು ಶಾಲೆಯಲ್ಲಿ ಯಾರೋ ಹೇಳಿದರು. ಭಾನುವಾರ ಅಲ್ಲಿಗೆ ಹೋದೆ. ಅವರು ಜಗಲಿಯಲ್ಲಿ ಕೂತು ಅಡುಗೆಗೆ ಅಲಸಂಡೆ ಮುರಿಯುತ್ತಿದ್ದರು. ನಾನು ಎಲ್ಲವನ್ನೂ, ಉಡುಪಿ ಒತ್ತಿದ್ದನ್ನೂ ಸೇರಿಸಿ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

"ದುಡ್ಡು ಕಟ್ಟಿದ್ದೀರಾ?" ಎಂದು ಕೇಳಿದರು.

"ಇಲ್ಲ."

"ಮಾಲು ತೆಗೆದುಕೊಂಡಿದ್ದೀರಾ?"

"ಇಲ್ಲ."

"ಮತ್ತೆ ನಿಮಗೆ ನಷ್ಟ ಎಂತ ಆಗಿದೆ, ನಾನು ಎಂತ ಬರೆಯುವುದು? ಮೊದಲು ಕಟ್ಟಿ ರಸೀದಿ ತೆಗೆದುಕೊಳ್ಳಬೇಕು, ಮೆಷಿನ್ ಮನೆಗೆ ಬರಬೇಕು. ಜಗಳ ಆಮೇಲೂ ಮಾಡಬಹುದು. ಎಷ್ಟು ದಿನ ಆಯ್ತು?"

"ಇವತ್ತಿಗೆ ಹದಿನೈದು."

ಅವರು ಅಲಸಂಡೆಯನ್ನು ಬದಿಗಿಟ್ಟು ನನ್ನ ಮುಖ ನೋಡಿದರು. ಬೈದಿದ್ದರೇ ವಾಸಿಯಿತ್ತು. ವಾಪಸು ಬರುವ ಬಸ್ಸಿನಲ್ಲಿ, ಅಕ್ಕ ಅಂದು ಪೆಟ್ಟಿಗೆಯ ಮೇಲೆ ಕೈ ಇಟ್ಟು ನಿಂತದ್ದೇ ಕಣ್ಣ ಮುಂದೆ ಬರುತ್ತಿತ್ತು. ಅದು ಅವರ ದುಡ್ಡು, ಅವರ ಹಬ್ಬ, ಅವರ ಮಕ್ಕಳ ಅನ್ನ. ಅದರ ಮೇಲೆ ನಾನು ನನ್ನ ಹಟ ಸಾಧಿಸಲು ಹೊರಟಿದ್ದೆ.

ಸೋಮವಾರ ಅರ್ಧ ದಿನ ರಜೆ ಹಾಕಿ, ನನ್ನದೇ ಎಂಟುನೂರು ರೂಪಾಯಿ ಪರ್ಸಿನಲ್ಲಿಟ್ಟುಕೊಂಡು ಆದಿ ಉಡುಪಿಗೆ ಓಡಿದೆ. ಪೆಟ್ಟಿಗೆ ಇದ್ದ ಜಾಗದಲ್ಲಿ ಯಾರದೋ ಪ್ಲಾಸ್ಟಿಕ್ ಕುರ್ಚಿಗಳಿದ್ದವು.

"ಮೆಷಿನ್ ವಾಪಸ್ ಕಳಿಸಿದ್ರೇನ್ರಿ?" ಎಂದೆ. ಈ ಸಲ ನನ್ನ ದನಿಯೇ ಏಳಲಿಲ್ಲ.

ಗುಮಾಸ್ತರು ಸ್ವಲ್ಪ ಹಿಂದೆ ಸರಿದೇ ಉತ್ತರ ಕೊಟ್ಟರು. "ಅದು ಆವಾಗಲೇ ಹೋಗಿದೆ ಅಲ್ವಾ ಮೇಡಂ? ನೀವು ಬಂದು ಹೋದದ್ದು ಶನಿವಾರ. ಸೋಮವಾರ ಬೆಳಿಗ್ಗೆ ಆ ಅಕ್ಕ ಬಂದು ಕಟ್ಟಿ ತೆಗೆದುಕೊಂಡು ಹೋದರು. ನಾವೇ ಬಸ್ಸಿಗೆ ಹತ್ತಿಸಿ ಕೊಟ್ಟದ್ದು. ರಸೀದಿ ಬೇಕು, ಸೀಲು ಸರಿ ಹಾಕಿ ಕೊಡಿ, ನಮ್ಮ ಟೀಚರಿಗೆ ಬೇಕಾಗ್ತದೆ ಅಂದ್ರು."

ಪುಸ್ತಕ ತಿರುಗಿಸಿ ಅಕ್ಕನ ಸಹಿ ತೋರಿಸಿದರು. ನಾನು ಅಲ್ಲೇ ಒಂದು ಮೂಟೆಯ ಮೇಲೆ ಕೂತುಬಿಟ್ಟೆ. ಹೀಗಾದಾಗ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದೆಯ ಮೇಲಿಂದ ಯಾರೋ ಭಾರ ಇಳಿಸಿದಂತಾಗಿ ಕಣ್ಣಲ್ಲಿ ನೀರು ಬಂತು. ಗುಮಾಸ್ತರು ಗಾಬರಿಯಾಗಿ ಕುಡಿಯಲು ನೀರು ತಂದುಕೊಟ್ಟರು. ನಾನು ಅವರಲ್ಲಿ ಕ್ಷಮೆ ಕೇಳಿದೆ. "ಪರವಾಗಿಲ್ಲ, ಎಷ್ಟೋ ಜನ ಬೈತಾರೆ" ಎಂದರು.

ಮಧ್ಯಾಹ್ನ ಮನೆಗೆ ಬಂದಾಗ ಪಕ್ಕದ ಮನೆಯ ಒಳಗಿನಿಂದ ಕಟಕಟ ಸದ್ದು ಬರುತ್ತಿತ್ತು. ನಾನು ಆ ಹೊತ್ತಿಗೆ ಎಂದೂ ಮನೆಯಲ್ಲಿರುತ್ತಿರಲಿಲ್ಲ. ಬಾಗಿಲು ತಟ್ಟಿದೆ, ಸದ್ದು ನಿಂತಿತು. ಅಕ್ಕ ಬಾಗಿಲು ತೆರೆದರು. ಅವರ ಹಿಂದೆ ನೈಟಿಗಳ ರಾಶಿ, ಅದರ ನಡುವೆ ಮೆಷಿನ್. ಪಕ್ಕದಲ್ಲಿ ಮಡಚಿಟ್ಟ ಒಂದು ಬೆಡ್‌ಶೀಟ್. ನಾನು ಶಾಲೆಗೆ ಹೋದ ಮೇಲೆ ಅದನ್ನು ತೆಗೆದು, ನಾನು ಬರುವ ಹೊತ್ತಿಗೆ ಮುಚ್ಚುತ್ತಿದ್ದರಂತೆ.

"ಬೇಸರ ಮಾಡಬೇಡಿ ಟೀಚರ್. ನನಗೋಸ್ಕರ ನೀವು ಅಷ್ಟು ಓಡಾಡುವಾಗ, ನಾನು ದುಡ್ಡು ಕಟ್ಟಿ ಬಂದೆ ಅಂತ ಯಾವ ಬಾಯಲ್ಲಿ ಹೇಳುವುದು?" ಎಂದರು.

"ಅಕ್ಕ, ನಾನು ಊರಿನ ಹೆಸರು ತಪ್ಪು ಒತ್ತಿದ್ದೆ. ಕಾಪು ಇರಲಿಲ್ಲ ಅಂತ ಉಡುಪಿ ಹಾಕಿದೆ. ಅದಕ್ಕೇ ಇಷ್ಟೆಲ್ಲ ಆದದ್ದು."

"ಅದರಲ್ಲಿ ಎಂತ ಉಂಟು? ನಾವೂ ಹಾಗೇ ಅಲ್ವಾ ಹಾಕುವುದು" ಎಂದು ನಕ್ಕು, ನೂಲಿನ ಡಬ್ಬದಿಂದ ರಸೀದಿ ತೆಗೆದುಕೊಟ್ಟರು.

ರಸೀದಿಯ ಮೇಲಿನ ಸೀಲನ್ನು ಎರಡು ಸಲ ಓದಿದೆ. ಗೋಡೌನ್ ಡೆಲಿವರಿ, ಉಡುಪಿ ಎಂದಿತ್ತು. ಅಂದರೆ ಮೆಷಿನ್ ಲಾರಿಯವರ ಕೈಯಿಂದ ಕಾಪುವಿಗೆ ಬಂದೇ ಇಲ್ಲ. ಉಡುಪಿಯವರೆಗೆ ಉಚಿತ ಎಂದವರು ಉಡುಪಿಯವರೆಗೆ ಮಾತ್ರ ತಂದಿದ್ದರು, ಹಾಗಾದರೆ ಆ ಏಳುನೂರ ಎಂಬತ್ತನ್ನು ಅವರು ಕೇಳುವಂತೆಯೇ ಇರಲಿಲ್ಲ. ಉಳಿದ ದಾರಿಯನ್ನು ಅಕ್ಕ ತಮ್ಮ ಖರ್ಚಿನಲ್ಲೇ ಬಸ್ಸಿನಲ್ಲಿ ತಂದಿದ್ದರು. ಕಾರ್ಕಳದ ಹಿರಿಯರಿಗೆ ಫೋನ್ ಮಾಡಿ ಓದಿ ಹೇಳಿದಾಗ, "ಈಗ ಬರೆಯುವ" ಎಂದರು. ಅವರು ಬರೆದ ಪತ್ರ ಒಂದೇ ಪುಟ, ಅದರಲ್ಲಿ ಒಂದು ಗಟ್ಟಿ ಮಾತೂ ಇರಲಿಲ್ಲ. ರಸೀದಿಯ ಜೆರಾಕ್ಸ್ ಜೊತೆಗಿತ್ತು. ಇಷ್ಟು ದಿನದೊಳಗೆ ಉತ್ತರ ಬಾರದಿದ್ದರೆ ಉಡುಪಿಯ ಗ್ರಾಹಕರ ವೇದಿಕೆಗೆ ಹೋಗುತ್ತೇವೆ ಎಂದು ಕೊನೆಯಲ್ಲಿ ಒಂದು ಸಾಲು.

ಹಬ್ಬಕ್ಕೆ ಇನ್ನು ಮೂರು ದಿನ ಇರುವಾಗ ಮಣಿಪಾಲದಲ್ಲಿ ಇ-ಮೇಲ್ ತೆರೆದು ನೋಡಿದೆ. ಏಳುನೂರ ಎಂಬತ್ತನ್ನೂ ಕಾರ್ಡಿಗೆ ಮರಳಿಸಿದ್ದೇವೆ ಎಂದಿತ್ತು. ಬಸ್ಸಿಳಿದವಳು ಹೆಚ್ಚುಕಡಿಮೆ ಓಡಿಕೊಂಡೇ ಬಂದೆ. ಅಂಗಳದಿಂದಲೇ, "ಅಕ್ಕ, ನಾವು ಗೆದ್ದೆವು" ಎಂದೆ. ಮೆಷಿನ್ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಒಳಗೆ ಹೋಗಿ ಇನ್ನೊಮ್ಮೆ ಹೇಳಿದೆ. ಬಟ್ಟೆಯ ಅಂಚಿನ ಮೇಲಿಟ್ಟ ಕಣ್ಣನ್ನು ಎತ್ತದೆಯೇ ಅಕ್ಕ ಒಂದು ಕೈ ಚಾಚಿದರು.

"ಟೀಚರ್, ಆ ಕತ್ತರಿ ಇತ್ತ ಕೊಡಿ. ಅಂಗಡಿಯವರು ಈಗ ಬರ್ತಾರೆ, ಇನ್ನೂ ಒಂದು ಡಜನ್ ಬಾಕಿ ಉಂಟು."

ಕತ್ತರಿ ಕೊಟ್ಟು, ಚೀಲ ಕೆಳಗಿಟ್ಟು, ನೆಲದ ಮೇಲೆ ಕೂತು ನೈಟಿಗಳ ಉಳಿದ ನೂಲು ಕತ್ತರಿಸತೊಡಗಿದೆ. ಗೆದ್ದ ಸುದ್ದಿಯನ್ನು ಅಂಗಡಿಯವರು ಬಂದು ಹೋದ ಮೇಲೆ ಮತ್ತೆ ಹೇಳಿದೆ.