ಕೊಟ್ರಮ್ಮ ಕಾಲೇಜು ಹುಡುಕಿದ್ದು

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಬರವಿಲ್ಲ. ಕೊಟ್ರಮ್ಮನವರದು ಹನ್ನೆರಡು ಮಿಷನ್ನಿನ ಯೂನಿಟ್ಟು. ವಯಸ್ಸು ಅರವತ್ತನಾಲ್ಕು, ಓದಿದ್ದು ಏಳನೇ ಕ್ಲಾಸು, ಹಣೆ ತುಂಬ ವಿಭೂತಿ. ಗಂಡ ತೀರಿಕೊಂಡ ವರ್ಷ, ಈ ಹೆಂಗಸಿನ ಆಟ ಮುಗಿಯಿತು ಎಂದು ಬಳ್ಳಾರಿಯ ಇಬ್ಬರು ವ್ಯಾಪಾರಿಗಳು ಮಾತಾಡಿಕೊಂಡಿದ್ದರಂತೆ. ಅವರಿಬ್ಬರೂ ಈಗ ಅಂಗಡಿ ಮುಚ್ಚಿದ್ದಾರೆ. ಕೊಟ್ರಮ್ಮ ಇನ್ನೂ ಬೆಳಿಗ್ಗೆ ಎಂಟಕ್ಕೆ ಕತ್ತರಿ ಹಿಡಿದು ನಿಲ್ಲುತ್ತಾರೆ. ಅವರದು ಮೊದಲೇ ಏರು ಗಂಟಲು. ಆ ಗಂಟಲು ಇಳಿದು, ಮಾತು ಬೆಣ್ಣೆಯಾಯಿತೆಂದರೆ ಎದುರಿಗಿದ್ದವರು ಹುಷಾರಾಗಬೇಕು ಎನ್ನುವುದು ನಮ್ಮ ಬೀದಿಯವರಿಗೆಲ್ಲ ಗೊತ್ತು.

ಮೊಮ್ಮಗಳು ವಿದ್ಯಾಶ್ರೀ ಇಂಟರ್, ಅಂದರೆ ನಮ್ಮ ಆಂಧ್ರದ ಪಿಯುಸಿ, ಮುಗಿಸಿದವಳೇ ಬಿಸಿನೆಸ್ ಡಿಗ್ರಿಯನ್ನು ಹೊರದೇಶದಲ್ಲೇ ಓದುತ್ತೇನೆ ಎಂದು ಹಟ ಹಿಡಿದಳು. ವ್ಯಾಪಾರ ಕಲಿಯಲು ವಿಮಾನ ಯಾಕೆ ಹತ್ತಬೇಕು, ಮಹಡಿ ಇಳಿದು ಯೂನಿಟ್ಟಿಗೆ ಬಂದರೆ ಸಾಲದೇ ಎಂದು ಅವಳಪ್ಪ ಉಮಾಮಹೇಶ್ವರ ಕೇಳಿದ. ಹುಡುಗಿ ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ಪ್ಯಾಂಟು ಹೊಲಿಯೋರು ನಾವು. ಅದಕ್ಕೆ ಅಂಟಿಸೋ ಹೆಸರು ಮಾತ್ರ ಇನ್ಯಾರದೋ. ಅದು ಯಾಕ ಹಂಗ ಅಂತ ನಾನು ಕಲೀಬೇಕು."

ಕೊಟ್ರಮ್ಮ ಕತ್ತರಿ ಕೆಳಗಿಟ್ಟು, ಹೋಗಲಿ ಬಿಡು ಎಂದು ಮಗನಿಗೆ ಹೇಳಿದರು. ಅಷ್ಟಕ್ಕೆ, ಹೋಗುವ ಮಾತು ತೀರ್ಮಾನವಾಯಿತು. ಎಲ್ಲಿಗೆ ಎನ್ನುವುದು ಉಳಿಯಿತು.

ಅದಕ್ಕೆಂದು ಜಗದೀಶ್ ಎಂಬ ಕನ್ಸಲ್ಟೆಂಟು ಮನೆಗೆ ಬಂದ. ಮಂಡಕ್ಕಿ, ಮಿರ್ಚಿ ತಿಂದು, ಮೂರು ಯೂನಿವರ್ಸಿಟಿಗಳ ಬಣ್ಣದ ಪುಸ್ತಕಗಳನ್ನು ಹರಡಿದ. ಮೂರೂ ಕಡೆ ಹುಲ್ಲುಹಾಸು, ಮೂರೂ ಕಡೆ ನಗುವ ಮಕ್ಕಳು. ಕೊಟ್ರಮ್ಮ ಒಂದನ್ನು ಎತ್ತಿಕೊಂಡು, ಇದರಲ್ಲಿ ಅಳುವವರ ಫೋಟೋ ಯಾಕಿಲ್ಲ ಎಂದು ಮೆತ್ತಗೆ ಕೇಳಿದರು. ಜಗದೀಶ್ ನಕ್ಕ. ಅವರು ನಗಲಿಲ್ಲ. ಫೇಲಾದವರು ಯಾರೂ ಇಲ್ಲವೇ, ಇದ್ದರೆ ಒಬ್ಬರ ನಂಬರು ಕೊಡಿ ಎಂದರು. ನೋಡಿ ಹೇಳ್ತೀನಿ ಎಂದು ಎದ್ದು ಹೋದವನು ಆಮೇಲೆ ಆ ಕಡೆ ಸುಳಿಯಲಿಲ್ಲ.

ಉಮಾಮಹೇಶ್ವರನಿಗೆ ಬೇಸರವಾಯಿತು. ನೇಮಕಲ್ಲಿಗೆ ಹೋಗಿ ಆಂಜನೇಯನ ಮುಂದೆ ಚೀಟಿ ಎತ್ತಿಸಿಬಿಡೋಣ ಎಂದ. ನಾವು ಸೋಮಾರಿತನ ಮಾಡಿ ದೇವರಿಗೆ ಕೆಲಸ ಹಚ್ಚುವುದು ಬೇಡ ಎಂದು ಕೊಟ್ರಮ್ಮ ಸುಮ್ಮನಾಗಿಸಿದರು.

ಮುಂದಿನ ಭಾನುವಾರ ಬಳ್ಳಾರಿಯ ಹೋಟೆಲೊಂದರಲ್ಲಿ ವಿದೇಶಿ ಶಿಕ್ಷಣ ಮೇಳವಿತ್ತು. ಅಜ್ಜಿ, ಮೊಮ್ಮಗಳು ಬಸ್ಸಿನಲ್ಲಿ ಹೋದರು. ಬಾಗಿಲಲ್ಲಿ ಫಾರಂ ತುಂಬಬೇಕಿತ್ತು. ಕೊಟ್ರಮ್ಮ ತಮ್ಮ ಹೆಸರನ್ನೇ ಬರೆಸಿ, ವಿದ್ಯಾರ್ಹತೆ ಏಳನೇ ಕ್ಲಾಸು ಎಂದು ಹೇಳಿದರು. ಅಲ್ಲಿದ್ದ ಹುಡುಗಿ ಗೊಂದಲದಲ್ಲೇ ವಿದ್ಯಾರ್ಥಿಗಳಿಗೆ ಹಾಕುವ ಬಿಲ್ಲೆಯನ್ನು ಅವರ ಕೊರಳಿಗೆ ಹಾಕಿದಳು. ವಿದ್ಯಾಶ್ರೀ ನಾಲ್ಕು ಹೆಜ್ಜೆ ಹಿಂದೆ ಸರಿದು, ಈ ಅಜ್ಜಿ ತನ್ನವರಲ್ಲ ಎನ್ನುವಂತೆ ನಡೆದಳು.

ಒಳಗೆ ಒಂಬತ್ತು ಮೇಜುಗಳು. ಕೊಟ್ರಮ್ಮ ಮೊದಲನೆಯದರ ಮುಂದೆ ಕುಳಿತು, ಮಂಡಿ ಒತ್ತಿಕೊಂಡರು.

"ನಾವು ಆ ಎದುರಿನ ನೀಲಿ ಬಟ್ಟೆ ಮೇಜಿನೋರದ್ದು ಫಿಕ್ಸ್ ಮಾಡೀವ್ರಿ. ಕಾಲು ನೋಯಾಕತ್ತಾವು ಅಂತ ಇಲ್ಲಿ ಕುಂತೀನಿ."

ಮೇಜಿನ ಹಿಂದಿದ್ದ ಟೈ ಕಟ್ಟಿದ ಯುವಕ ಅತ್ತಿತ್ತ ನೋಡಿ, ನೀರಿನ ಬಾಟಲಿ ಕೊಟ್ಟು, ನಾನು ಹೇಳಿದೆ ಅಂತ ಹೇಳಬೇಡಿ ಎಂದು ಶುರುಮಾಡಿದ. ನೀಲಿಯವರ ಕಾಲೇಜಿರುವುದು ಯಾವುದೋ ಅಂಗಡಿಯ ಮೇಲಿನ ಎರಡು ಮಹಡಿಯಲ್ಲಂತೆ. ಪುಸ್ತಕದಲ್ಲಿರುವ ಹುಲ್ಲುಹಾಸು ಪಕ್ಕದ ಪಾರ್ಕಿನದಂತೆ. ಕೊಟ್ರಮ್ಮ ಅವನಿಗೆ ಒಳ್ಳೆಯದಾಗಲಿ ಎಂದು ಹರಸಿ ಎದ್ದರು. ನೀಲಿ ಮೇಜಿಗೆ ಹೋಗಿ, ಈಗಷ್ಟೇ ಬಿಟ್ಟು ಬಂದ ಟೈ ಯುವಕನ ಯೂನಿವರ್ಸಿಟಿಯನ್ನು ಫಿಕ್ಸ್ ಮಾಡಿರುವುದಾಗಿ ಹೇಳಿದರು. ಅಲ್ಲಿ ಇನ್ನೂ ಹೆಚ್ಚು ಸಿಕ್ಕಿತು: ಹಾಸ್ಟೆಲಿನಿಂದ ಕ್ಲಾಸಿಗೆ ಎರಡು ಬಸ್ಸು ಬದಲಿಸಬೇಕು, ಪಾಠ ಮಾಡುವವರು ವರ್ಷಕ್ಕೊಮ್ಮೆ ಬದಲಾಗುತ್ತಾರೆ.

ನಾಲ್ಕನೇ ಮೇಜಿನ ಹೊತ್ತಿಗೆ ವಿದ್ಯಾಶ್ರೀಯ ಮುಜುಗರ ಇಳಿದಿತ್ತು. ಆರನೆಯದರ ಹೊತ್ತಿಗೆ ಅಜ್ಜಿಯ ಪಕ್ಕದ ಕುರ್ಚಿಯಲ್ಲೇ ಕುಳಿತು, ತಲೆ ತಗ್ಗಿಸಿ, ಒಂದು ಯೂನಿವರ್ಸಿಟಿಯ ಪುಸ್ತಕದ ಬೆನ್ನಿಗೆ ಇನ್ನೊಂದರ ದೋಷ ಬರೆದುಕೊಳ್ಳುತ್ತಿದ್ದಳು. ನಗು ತಡೆಯಲಾಗದೆ ಒಂದು ಸಲ ಕೆಮ್ಮಬೇಕಾಯಿತು.

ಎಂಟನೇ ಮೇಜಿನಲ್ಲಿ ಸುಮಾ ಎಂಬ ಹೆಂಗಸೊಬ್ಬಳೇ ಇದ್ದಳು. ಐರ್ಲೆಂಡಿನ ಒಂದು ಚಿಕ್ಕ ಊರಿನ ಯೂನಿವರ್ಸಿಟಿ ಅವಳದು. ಪಕ್ಕದ್ದು ಫಿಕ್ಸ್ ಆಗಿದೆ ಎಂದು ಕೊಟ್ರಮ್ಮ ಹೇಳಿದಾಗ, ಒಳ್ಳೆಯದಾಯಿತು, ಹಾಸ್ಟೆಲಿಗೆ ಮಾತ್ರ ಬೇಗ ಬರೆಯಿರಿ ಎಂದಳು. ಅಷ್ಟೇ. ಕೊಟ್ರಮ್ಮ ಕಾದರು. ಅವಳು ಪಕ್ಕದವರ ದೋಷ ಎತ್ತಲೇ ಇಲ್ಲ.

"ನಿಮ್ಮದರಾಗ ಏನು ಕೆಟ್ಟದ್ದೈತಿ, ಅದನ್ನರ ಹೇಳವ್ವಾ" ಎಂದು ಕಡೆಗೆ ನೇರವಾಗೇ ಕೇಳಿದರು.

ಸುಮಾ ಬೆರಳು ಮಡಿಸಿ ಹೇಳಿದಳು. ದಿನಾ ಮಳೆ. ಸಂಜೆ ಆರಕ್ಕೆ ಅಂಗಡಿ ಬಂದ್. ಮೊದಲ ವರ್ಷದ ಲೆಕ್ಕದ ಪಾಠ ಬಹಳ ಗಟ್ಟಿ, ಸುಮಾರು ಜನ ಫೇಲಾಗುತ್ತಾರೆ. ಫೇಲಾದವರ ನಂಬರು ಕೇಳಿದ್ದಕ್ಕೆ, ನಮ್ಮಲ್ಲಿ ಓದುವ ಹೊಸಪೇಟೆಯ ಹುಡುಗಿಯೊಬ್ಬಳಿದ್ದಾಳೆ, ಅವಳನ್ನು ಮೊದಲು ಕೇಳಬೇಕು ಎಂದು ಅಲ್ಲೇ ಮೆಸೇಜು ಕಳಿಸಿ, ಒಪ್ಪಿಗೆ ಬಂದ ಮೇಲೆ ಕೊಟ್ಟಳು. ಒಂಬತ್ತನೇ ಮೇಜಿಗೆ ಕೊಟ್ರಮ್ಮ ಹೋಗಲೇ ಇಲ್ಲ.

ಮರುದಿನ ಹೊಸಪೇಟೆಯ ಆ ಹುಡುಗಿಯ ಜೊತೆ ಅವರು ಮುಕ್ಕಾಲು ಗಂಟೆ ಫೋನಿನಲ್ಲಿ ಮಾತಾಡಿದರು. ಅವಳು ಲೆಕ್ಕದಲ್ಲಿ ಫೇಲಾಗಿದ್ದು ನಿಜ. ಆಮೇಲೆ ಮೇಷ್ಟ್ರೇ ಕರೆದು, ಎರಡು ತಿಂಗಳು ಪ್ರತಿ ಗುರುವಾರ ಕೂರಿಸಿಕೊಂಡು ಹೇಳಿಕೊಟ್ಟರಂತೆ. ಮೊದಲ ಚಳಿಗಾಲ ತುಂಬ ಅತ್ತಿದ್ದೆ, ಈಗ ಬೇಕರಿಯೊಂದರಲ್ಲಿ ಕೆಲಸವೂ ಮಾಡುತ್ತೇನೆ ಎಂದಳು. ಕೊಟ್ರಮ್ಮ ಫೋನಿಟ್ಟು, ಅಳುವವರು ಸಿಕ್ಕರು, ಅಲ್ಲಿಗೇ ಬರೆಯಿರಿ ಎಂದರು.

ಸೀಟು ಸಿಕ್ಕಿತು, ವೀಸಾ ಬಂತು. ಹೊರಡಲು ಹತ್ತು ದಿನವಿದ್ದಾಗ ಅಜ್ಜಿ ಮಾತ್ರ ಮಂಕಾದರು. ಏನು ಕೇಳಿದರೂ ಏನಿಲ್ಲ ಎನ್ನುತ್ತಿದ್ದರು. ವಿದ್ಯಾಶ್ರೀ ಯೂನಿಟ್ಟಿಗೆ ಬಂದು, ಸ್ಟೂಲಿನ ಮೇಲೆ ಕುಳಿತು, ತನ್ನ ಕಾಲು ಒತ್ತಿಕೊಂಡಳು.

"ಅಜ್ಜಿ, ನಾನು ಇಲ್ಲೇ ಇರೋದು ಅಂತ ಫಿಕ್ಸ್ ಮಾಡೀನಿ."

ಕೊಟ್ರಮ್ಮ ಹಿಂದೆಮುಂದೆ ನೋಡಲಿಲ್ಲ. ಈ ಮನೆಯ ದೋಷಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಅವಳಪ್ಪ ಹೊಸದನ್ನು ಕಂಡರೆ ಹೆದರುತ್ತಾನೆ, ಇಲ್ಲಿ ಹುಡುಗಿಯ ಮಾತಿಗೆ ನಾಲ್ಕು ಜನ ಗಂಡಸರು ಹೂಂ ಎನ್ನಬೇಕು, ತಾನೇ ಒಂದು ಮೊಂಡು ಮುದುಕಿ, ಯಾರ ಮಾತೂ ಕೇಳುವುದಿಲ್ಲ. ಹೇಳಿ ಮುಗಿಸಿದ ಮೇಲೆ ಮೊಮ್ಮಗಳ ಮುಖ ನೋಡಿದರು. ಅವಳು ನಗುತ್ತಿದ್ದಳು. ಮಿಷನ್ನುಗಳ ಹಿಂದಿನ ಹೆಂಗಸರೂ ನಗುತ್ತಿದ್ದರು. ಕೊಟ್ರಮ್ಮ ಕೈಗೆ ಸಿಕ್ಕ ಪ್ಯಾಂಟಿನ ತುಂಡನ್ನು ಅವಳ ಮೇಲೆ ಎಸೆದು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ವಿದ್ಯಾಶ್ರೀ ಹೋದಳು. ಮೊದಲ ವರ್ಷ ಲೆಕ್ಕದಲ್ಲಿ ಹೇಗೋ ಪಾಸಾದಳು, ಯಾರೂ ಎಚ್ಚರಿಸದೇ ಇದ್ದ ಕಾನೂನಿನ ಪೇಪರಿನಲ್ಲಿ ಫೇಲಾದಳು. ಅಪ್ಪನಿಗೆ ಹೇಳಲು ಹೆದರಿ ಅಜ್ಜಿಗೆ ಫೋನು ಮಾಡಿದಳು. ಆಗಸ್ಟಿನಲ್ಲಿ ಮತ್ತೆ ಬರೆದು ಪಾಸಾಗುವ ತನಕ ಆ ಸುದ್ದಿ ಉಮಾಮಹೇಶ್ವರನ ಕಿವಿಗೆ ಬೀಳದಂತೆ ಕೊಟ್ರಮ್ಮ ನೋಡಿಕೊಂಡರು.