ತಿಪ್ಪೇಸ್ವಾಮಿಯ ಮಧ್ಯಾಹ್ನದ ಬ್ಯಾಕಪ್ಪು

ಹೈದರಾಬಾದಿನ ಕೊಂಡಾಪುರದ ಗಾಜಿನ ಕಟ್ಟಡದಲ್ಲಿ ಕೂತು ತಿಪ್ಪೇಸ್ವಾಮಿ ಏನು ಕೆಲಸ ಮಾಡುತ್ತಾನೆಂಬುದು, ಮದುವೆಯಾಗಿ ಇಷ್ಟು ವರ್ಷವಾದರೂ ಅವನ ಹೆಂಡತಿ ವನಜಾಗೆ ಸರಿಯಾಗಿ ತಿಳಿದಿರಲಿಲ್ಲ. ಅವಳದೇನೂ ತಪ್ಪಿಲ್ಲ. ಬಾಲಾನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮಾವನ ಬಗ್ಗೆ 'ನಮ್ಮ ಮಾವಾರು ವಿಮಾನದ ಸಾಮಾನು ಮಾಡತಿದ್ರು' ಎಂದರೆ ಮುಗಿಯುತ್ತಿತ್ತು. ಗಂಡನ ಕೆಲಸ ವಿವರಿಸಲು ಹೊರಟರೆ ಕೇಳುವವರಿಗಿಂತ ಮೊದಲು ಹೇಳುವವಳಿಗೇ ಆಕಳಿಕೆ ಬರುತ್ತಿತ್ತು. ಹಾಗಾಗಿ 'ಕಂಪ್ಯೂಟರ್' ಎಂದು ಹೇಳಿ ಚಹಾ ಇಡಲು ಎದ್ದುಬಿಡುತ್ತಿದ್ದಳು.

ತಿಪ್ಪೇಸ್ವಾಮಿಯದು ಬ್ಯಾಕಪ್ಪಿನ ಕೆಲಸ. ಗಿರಾಕಿಗಳ ಸರ್ವರುಗಳಲ್ಲಿ ಇರುವುದನ್ನೆಲ್ಲ ದಿನಕ್ಕೊಮ್ಮೆ ನಕಲು ತೆಗೆದು ಇಡುವುದು. ನಕಲು ಬೇಕಾಗುವವರೆಗೆ ಇಂಥವನೊಬ್ಬ ಇದ್ದಾನೆಂದು ಯಾರಿಗೂ ನೆನಪಿರುವುದಿಲ್ಲ. ಬೇಕಾದ ದಿನ ಬೇರೆ ಯಾರೂ ನೆನಪಾಗುವುದಿಲ್ಲ.

ಮೊದಲೆಲ್ಲ ಒಂದು ಸರ್ವರಿಗೆ ಒಂದು ಪೆಟ್ಟಿಗೆ ಇತ್ತು. ಈಗ ವರ್ಚುವಲ್ ಕಾಲ. ಒಂದೇ ದೊಡ್ಡ ಪೆಟ್ಟಿಗೆಯೊಳಗೆ ಹತ್ತಾರು ಸರ್ವರುಗಳು ವಠಾರದ ಬಾಡಿಗೆದಾರರಂತೆ ಸಂಸಾರ ಹೂಡಿದ್ದವು. ಪ್ರತಿಯೊಂದೂ ತಾನೇ ಮನೆಯ ಯಜಮಾನ ಎಂದುಕೊಂಡಿತ್ತು. ಇವುಗಳಲ್ಲಿ ತೆಪ್ಪಗಿರುವವುಗಳ ನಕಲು ತೆಗೆಯುವುದು ಸುಲಭ. ಆದರೆ ಖಾಸಗಿ ಬಸ್ ಕಂಪನಿಯೊಂದರ ಟಿಕೆಟ್ ಬುಕಿಂಗಿನ ಡೇಟಾಬೇಸು ಮದುವೆಮನೆಯ ಅಡುಗೆಭಟ್ಟನಂತೆ, ನಿಂತ ಕಡೆ ನಿಲ್ಲದು. ಅದಕ್ಕೆ 'ಒಂದು ಗಳಿಗೆ ಅಲ್ಲಾಡಬೇಡಪ್ಪ' ಎಂದು ಹೇಳಿ, ಇದ್ದದ್ದು ಇದ್ದ ಹಾಗೆ ಚಿತ್ರ ಹಿಡಿದುಕೊಂಡು, ಆ ಚಿತ್ರದಿಂದ ನಿಧಾನವಾಗಿ ನಕಲು ಮಾಡಬೇಕು. ಅಷ್ಟರಲ್ಲಿ ಬಂದ ಹೊಸ ಬುಕಿಂಗುಗಳನ್ನು, ಮನೆಗೆ ಸುಣ್ಣ ಹೊಡೆಸುವಾಗ ಸಾಮಾನನ್ನು ಜಗಲಿಯ ಮೇಲೆ ಪೇರಿಸುತ್ತೇವಲ್ಲ, ಹಾಗೆ ಹೊರಗೆ ಪೇರಿಸಿಟ್ಟಿರಬೇಕು. ನಕಲು ಮುಗಿದ ಮೇಲೆ ಎಲ್ಲವನ್ನೂ ಒಳಗೆ ಸಾಗಿಸಬೇಕು. ಹಾಗೆ ಸಾಗಿಸುವಾಗ ಸರ್ವರು ಸ್ವಲ್ಪ ಹೊತ್ತು ಕದ ಹಾಕಿಕೊಳ್ಳುತ್ತದೆ. ಜಗಲಿಯಲ್ಲಿ ಸಾಮಾನು ಹೆಚ್ಚಿದಷ್ಟೂ ಕದ ತೆರೆಯುವುದು ತಡ. ಅದೇ ಹೊತ್ತಿಗೆ ಟಿಕೆಟಿಗೆಂದು ಗುಂಡಿ ಒತ್ತಿದವರು ಬೀದಿಯಲ್ಲಿ.

ಬಸ್ಸಿನ ಜನ ಕದ ತಟ್ಟದ ಹೊತ್ತು ಯಾವುದು? ರಾತ್ರಿ ಬಸ್ಸು ಹೊರಡುವ ಗದ್ದಲ, ಬೆಳಗ್ಗೆ ಮುಟ್ಟುವ ಗದ್ದಲ. ಬಹಳ ಕಾಲ ಗಮನಿಸಿ ತಿಪ್ಪೇಸ್ವಾಮಿ ಒಂದು ಸಂದು ಹುಡುಕಿದ್ದ: ಮಧ್ಯಾಹ್ನ ಊಟವಾದ ಮೇಲಿನ ಹೊತ್ತು. ಹೈದರಾಬಾದಿನಲ್ಲಿ ಬಿರಿಯಾನಿ ಉಂಡವರು ಆಗ ಊರಿಗೆ ಹೋಗುವ ಯೋಚನೆ ಮಾಡುವುದಿಲ್ಲ. ಯಾವ ಯೋಚನೆಯನ್ನೂ ಮಾಡುವುದಿಲ್ಲ. ಈ ಸಂಶೋಧನೆಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ವರ್ಷ ದಸರೆಗೆ ಬಸ್ ಕಂಪನಿ ಹೆಚ್ಚುವರಿ ಬಸ್ಸುಗಳನ್ನು ಬಿಟ್ಟಿತು. ಅವುಗಳ ಸೀಟುಗಳನ್ನು ದಿನಾ ಮಧ್ಯಾಹ್ನವೇ ಮಾರಾಟಕ್ಕೆ ತೆರೆಯುತ್ತಿತ್ತು. ಸಂಜೆಗೆ ಒಂದೂ ಉಳಿಯುತ್ತಿರಲಿಲ್ಲ. ಇದನ್ನು ತಿಪ್ಪೇಸ್ವಾಮಿಗೆ ಯಾರೂ ಹೇಳಲಿಲ್ಲ. ಗೊತ್ತಾದದ್ದು ಮನೆಯಲ್ಲಿ, ಊಟಕ್ಕೆ ಕೂತಾಗ.

ಸಿಂಧನೂರಿನಲ್ಲಿ ವನಜಾಳ ತಂಗಿ ಸೂಗಮ್ಮನ ಕುಬಸ ದಸರೆಯ ಹೊತ್ತಿಗೇ ನಿಶ್ಚಯವಾಗಿತ್ತು. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಉಡಿ ತುಂಬುವ ಕಾರ್ಯ. ತಾಯಿ ಶರಣಬಸಮ್ಮ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಮೊದಲ ಉಡಿ ನೀನ ತುಂಬಬೇಕವಾ. ಅಕಿ ಮದುವ್ಯಾಗೂ ಊಟದ ಹೊತ್ತಿಗೆ ಬಂದಿ. ಈ ಸಲ ತಪ್ಪಿಸಿದಿ ಅಂದ್ರ ಮುಂದ ನಿನ್ನ ಕರಿಯೂದ ಇಲ್ಲ."

ವನಜಾ ಶಾಲೆಯಲ್ಲಿ ಪಾಠ ಮುಗಿಸಿ ಬಂದು ದಿನಾ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಸೀಟು ಸಿಗುತ್ತಿತ್ತು, ಹೆಸರು ತುಂಬುತ್ತಿದ್ದಳು, ಗುಂಡಿ ಒತ್ತಿದ ಕೂಡಲೆ ಎಲ್ಲ ಸ್ತಬ್ಧ. ಮತ್ತೆ ಚೇತರಿಸುವಷ್ಟರಲ್ಲಿ ಆ ಸೀಟಿನಲ್ಲಿ ಬೇರೆ ಯಾರೋ ಕೂತಿರುತ್ತಿದ್ದರು.

"ಆ ಬಸ್ಸಿನ ಕಂಪ್ಯೂಟರ್ ನೋಡಿಕೊಳ್ಳಾಂವ ಯಾವನೋ ಏನೋ," ಎಂದಳು ಅವಳು, ರೊಟ್ಟಿ ಬಡಿಸುತ್ತ. "ಉಂಡ ಕೂಡ್ಲೆ ಮಕ್ಕೋತಾನ ಕಾಣ್ತೈತಿ. ಅವನ ಹೇಣ್ತಿ ಏನ ಅನ್ನೂದಿಲ್ಲೇನ?"

"ಅನ್ನತಿರಬೇಕು," ಎಂದ ತಿಪ್ಪೇಸ್ವಾಮಿ, ಪಲ್ಯದಲ್ಲಿ ದೃಷ್ಟಿ ನೆಟ್ಟು.

ಆಫೀಸಿನಿಂದ ತಾನೇ ಬುಕ್ ಮಾಡೋಣವೆಂದರೆ ಅಲ್ಲಿ ಆ ಸೈಟು ತೆರೆಯುವಂತಿರಲಿಲ್ಲ. ಅದನ್ನು ಕಾಯುವವರು ಅದನ್ನು ನೋಡಬಾರದೆಂದು ನಿಯಮ. ಕೊನೆಗೆ ಮ್ಯಾನೇಜರು ನಳಿನಿಯ ಹತ್ತಿರ ಹೋದ. ಮೈಸೂರಿನವರು, ದನಿ ಎತ್ತದೆ ಇಲ್ಲ ಎನ್ನುವವರು.

"ಮೇಡಂ, ಆ ಬಸ್ಸಿನ ಬ್ಯಾಕಪ್ ಹೊತ್ತು ಬದಲಸಬೇಕ್ರಿ. ಇಲ್ಲಾಂದ್ರ ನಾ ಕೇಳಿದ ಅವಳಿ ಸರ್ವರ್ ಕೊಡ್ರಿ. ಅಣ್ಣ ಕೆಲಸ ಮಾಡ್ಲಿ, ತಮ್ಮನ ಫೋಟೋ ತಗೀತೀನಿ."

"ಹಬ್ಬ ಮುಗಿಯೋವರೆಗೂ ಏನನ್ನೂ ಮುಟ್ಟೋ ಹಾಗಿಲ್ಲ ತಿಪ್ಪೇಸ್ವಾಮಿ. ಫ್ರೀಜ್ ಅಂದ್ರೆ ಫ್ರೀಜ್. ಕಂಪ್ಲೇಂಟ್ ಏನಾದ್ರೂ ಬಂದಿದೆಯಾ?"

ಬಂದಿತ್ತು, ಆದರೆ ರೊಟ್ಟಿಯ ಜೊತೆ ಬಂದಿತ್ತು. ಅವನು ತನ್ನ ಜಾಗಕ್ಕೆ ಹಿಂದಿರುಗಿದ.

ಮರುದಿನ ಮಧ್ಯಾಹ್ನ ಬ್ಯಾಕಪ್ಪು ಅರ್ಧ ನಡೆದಿರುವಾಗ ವನಜಾಳ ಫೋನು ಬಂತು. "ಕೇಳ್ರಿ, ಕಡೀ ಬಸ್ಸು. ಎರಡ ಸೀಟು ಅದಾವು. ಹೆಸರು ತುಂಬಾಕತ್ತೀನಿ."

ತಿಪ್ಪೇಸ್ವಾಮಿ ಅತ್ತಿತ್ತ ನೋಡಿದ. ಹದಿಮೂರು ವರ್ಷದ ನೌಕರಿಯಲ್ಲಿ ಮಾಡದ್ದನ್ನು ಮಾಡಿದ: ನಡೆಯುತ್ತಿದ್ದ ಬ್ಯಾಕಪ್ಪನ್ನು ನಿಲ್ಲಿಸಿಬಿಟ್ಟ. ಹೆಂಡತಿಗಾಗಿ ಇಷ್ಟಾದರೂ ಮಾಡಿದೆನಲ್ಲ ಎಂದು ಎದೆ ಅರ್ಧ ಇಂಚು ಉಬ್ಬಿತು. ಉಬ್ಬಿದ್ದು ಅಲ್ಲೇ ನಿಂತಿತು. ಸುಣ್ಣ ಹೊಡೆಯುವುದನ್ನು ಅರ್ಧಕ್ಕೆ ಬಿಟ್ಟರೂ ಜಗಲಿಯ ಸಾಮಾನು ಒಳಗೆ ಹೋಗಲೇಬೇಕಲ್ಲ. ನಿಲ್ಲಿಸು ಎಂದ ಕೂಡಲೆ ಸರ್ವರು ಅದನ್ನೇ ಶುರುಮಾಡಿತ್ತು. ಹೊಸದಾಗಿ ಸೇರಿದವರಿಗೆ ಮೊದಲ ದಿನ ಇದನ್ನು ಪಾಠ ಮಾಡುವವನೂ ಅವನೇ.

"ವನಜಾ, ಒತ್ತಬ್ಯಾಡ. ಒಂದ ಗಳಿಗಿ ತಡಿ."

"ಒತ್ತಿದೆ. ಚಕ್ರ ತಿರಗಾಕತ್ತೈತಿ." ತಟ್ಟನೆ ಅವಳ ದನಿ ಬದಲಾಯಿತು. "ಅಲ್ರಿ, ಒತ್ತಬ್ಯಾಡ ಅಂತ ನಿಮಗ ಹೆಂಗ ಗೊತ್ತಾತು?"

ಅವನು ಜಗಲಿ, ಸುಣ್ಣ ಎಲ್ಲ ಸೇರಿಸಿ ಹೇಳಿದ. ಬೇರೆ ದಾರಿ ಇರಲಿಲ್ಲ.

"ಹಂಗಾರ ಆ ಮಕ್ಕೊಳ್ಳೋ ಮನಿಷ್ಯಾ ನೀವ ಏನ್ರಿ?"

"ನಾ ಮಕ್ಕೊಳ್ಳೂದಿಲ್ಲ. ಸರ್ವರ್ ಮಲಗಸ್ತೀನಿ."

"ಸೀಟು ಹೋದವು," ಎಂದಳು ವನಜಾ, ಫೋನಿಟ್ಟಳು. ಇಟ್ಟವಳು ಮುಂದಿನ ಫೋನನ್ನು ಬಸ್ ಕಂಪನಿಗೇ ಮಾಡಿದಳು, ಹಿಂದಿಯಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸಿದಳು.

ಸಂಜೆ ನಳಿನಿ ಅವನನ್ನು ಕರೆದರು. "ಯಾರೋ ಟೀಚರಂತೆ, ಬಸ್ಸಿನವರನ್ನ ಚೆನ್ನಾಗಿ ತರಾಟೆಗೆ ತಗೊಂಡಿದ್ದಾರೆ. ಯಾವಾಗ ನಿಲ್ಲುತ್ತೆ, ಯಾಕೆ ನಿಲ್ಲುತ್ತೆ, ಜಗಲಿ, ಸುಣ್ಣ, ಎಲ್ಲಾ ಹೇಳಿದ್ದಾರೆ. ನಮ್ಮ ರಿಪೋರ್ಟುಗಳೇ ಇಷ್ಟು ಚೆನ್ನಾಗಿರಲ್ಲ. ಹಬ್ಬ ಆದ್ಮೇಲೆ ನಿಮ್ಮ ಅವಳಿ ಸರ್ವರ್ ಕೊಡ್ತೀನಿ. ನಿಮಗೇನಾದ್ರೂ ಗುರುತಾ ಅವರು?"

"ಅಷ್ಟಾಗಿ ಇಲ್ರಿ," ಎಂದ ತಿಪ್ಪೇಸ್ವಾಮಿ.

ಅವಳಿ ಸರ್ವರಿನ ಮಾತು ಸಿಕ್ಕಿತು, ಕುಬಸಕ್ಕೆ ಹೋಗುವ ಬಸ್ಸಿನ ಸೀಟು ಸಿಗಲಿಲ್ಲ. ಹಿಂದಿನ ದಿನ ಬೆಳಗ್ಗೆ ಇಬ್ಬರೂ ಇಮ್ಲಿಬನ್ ಬಸ್ ನಿಲ್ದಾಣಕ್ಕೆ ಹೋಗಿ ಸರ್ಕಾರಿ ಬಸ್ಸಿನ ನೂಕುನುಗ್ಗಲಿನಲ್ಲಿ ನಿಂತರು. ವನಜಾ ಕಿಟಕಿಯಿಂದ ಒಂದು ಸೀಟಿನ ಮೇಲೆ ಕರ್ಚೀಫು ಎಸೆದಳು. "ನೋಡ್ರಿ, ಬುಕಿಂಗ್ ಆತು. ಚಕ್ರ ತಿರಗಲಿಲ್ಲ."

ಜನರ ಜೊತೆ ಒಳಗೆ ನುಗ್ಗಿ ನೋಡಿದರೆ ಕರ್ಚೀಫು ಕೆಳಗೆ ಬಿದ್ದಿತ್ತು. ಸೀಟಿನಲ್ಲಿ ದಪ್ಪನೆಯ ಮನುಷ್ಯನೊಬ್ಬ ಬಾಳೆಹಣ್ಣು ಸುಲಿಯುತ್ತಿದ್ದ. ವನಜಾಳ ಮುಖ ಇಳಿಯಿತು. ಅಷ್ಟು ದೂರ ಉಡಿಯ ಸಾಮಾನು ಹೊತ್ತು ನಿಲ್ಲುವುದು ಹೇಗೆ?

ತಿಪ್ಪೇಸ್ವಾಮಿ ಹಿಂದಿನ ಸಾಲನ್ನು ತೋರಿಸಿದ. ಅಲ್ಲಿ ಕಿಟಕಿಯ ಸೀಟಿನ ಮೇಲೆ ಅವನ ಟವೆಲ್ಲು ಮಲಗಿತ್ತು.

"ಇದನ್ನ ಯಾವಾಗ ಒಗದ್ರಿ?"

"ನೀ ಒಗದ ಕೂಡ್ಲೆ. ಆಕಡಿ ಕಿಡಿಕಿಯಿಂದ. ನಿಂದು ಬಿದ್ರ ಇದು ಇರಲಿ ಅಂತ."

ವನಜಾ ಕೂತು ತೊಡೆಯ ಮೇಲೆ ಹಸಿರು ಸೀರೆಯ ಗಂಟು ಇಟ್ಟುಕೊಂಡಳು. ತಿಪ್ಪೇಸ್ವಾಮಿ ರಾಯಚೂರಿನವರೆಗೆ ಕಂಬಿ ಹಿಡಿದು ನಿಂತೇ ಹೋದ. ಮರುದಿನ ಮೊದಲ ಉಡಿ ವನಜಾಳೇ ತುಂಬಿದಳು. ಅಳಿಯಂದಿರ ಕೆಲಸವೇನೆಂದು ಯಾರೋ ಕೇಳಿದಾಗ, ಈ ಸಲ ಅವಳು ಚಹಾ ಇಡಲು ಏಳಲಿಲ್ಲ.

"ಟವೆಲ್ ಹಾಕೂದು," ಎಂದಳು.